ಖಾಲಿ ಕೋಣೆಯಲ್ಲಿ ಫೋನು

ಮೂಲಂಗಿ ಕಿಮ್ಚಿ ಉಪ್ಪಿನಕಾಯಿ ಮುಗಿದಿದೆಯೆಂಬ ಮಹಾವಾರ್ತೆಯನ್ನು ದಕ್ಷಿಣ ಕೊರಿಯಾದ ಸುವೊನ್ ನಗರದ ಫೋನ್ ಕಂಪನಿಯ ಕ್ಯಾಂಟೀನಿನಲ್ಲಿ ಧ್ವನಿವರ್ಧಕದ ಮೂಲಕ ಸಕಲರಿಗೂ ಸಾರಲಾಯಿತು. ಊಟದ ಸಾಲು ನಿಂತಲ್ಲೇ ನಿಂತಿತು. ಲೆಕ್ಕಪತ್ರ ವಿಭಾಗದ ಯೊನ್‌ಹ್ವಾಗೆ ಬೆನ್ನ ಹಿಂದಿನ ಮಾತು ಕೇಳಿಸಿತು. ಪರೀಕ್ಷಾ ವಿಭಾಗದ ಮುಖ್ಯಸ್ಥ ಪ್ಯೊ ಮತ್ತು ಅವನ ಕೈಕೆಳಗಿನ ಎಂಜಿನಿಯರ್ ಗಾರಮ್ ಅಲ್ಲಿ ನಿಂತಿದ್ದರು.

"ಸಾರ್, ಮನುಷ್ಯರ ತಲೆ ಹತ್ರ ಬಂದಾಗ ತಾನೇ ಫೋನು ವಿಕಿರಣ ಇಳಿಸ್ಬೇಕು? ನಮ್ಮ ಖಾಲಿ ಪರೀಕ್ಷಾ ಕೋಣೇಲೂ ಇಳಿಸ್ತಿದೆ."

"ಸೆನ್ಸರ್ ಕೆಟ್ಟಿರ್ಬೇಕು ಕಣಮ್ಮ."

"ಫೋನನ್ನೇ ಬದಲಾಯಿಸ್ದೆ. ಅದೂ ಯಾರೋ ಕಿವಿಗೆ ಹಚ್ಕೊಂಡಿದಾರೆ ಅಂತಾನೇ ತೋರಿಸುತ್ತೆ. ಹೊಸ ಕೋಣೆ, ದೆವ್ವ ಸೇರದ ಹಾಗೆ ಹಂದಿ ತಲೆ ಇಟ್ಟು ಪೂಜೆ ಮಾಡ್ಸಿ ಅಂತ ಅವತ್ತೇ ಬಡ್ಕೊಂಡೆ."

"ಸುಮ್ನಿರು. ಯಾರೇ ಇರ್ಲಿ, ಸರ್ಕಾರದ ವಿಕಿರಣ ತಪಾಸಣೆ ಮುಗಿಯೋವರೆಗೆ ಅಲ್ಲೇ ಇರ್ಲಿ. ದೇಶದಲ್ಲೇ ಅತಿ ಕಮ್ಮಿ ವಿಕಿರಣದ ಫೋನು ನಮ್ದಾಗುತ್ತೆ. ಈ ಸಲ ಫೇಲಾದ್ರೆ ನಮ್ಮ ವಿಭಾಗಕ್ಕೇ ಬೀಗ."

"ದೆವ್ವಾನೂ ಕೆಲಸಕ್ಕೆ ಸೇರಿಸ್ಕೊಂಡ್ರಾ?"

"ನಿನಗಿಂತ ನೆಟ್ಟಗೆ ಮಾಡ್ತಿದೆ."

ಅಷ್ಟರಲ್ಲಿ ಗಾರಮ್‌ಗೆ ಕರೆ ಬಂತು. ಕೇಳಿಸಿಕೊಂಡವಳ ದನಿ ತಗ್ಗಿತು.

"ತಪಾಸಣೆಯವರು ಆಗ್ಲೇ ಬಂದಿದಾರಂತೆ ಸಾರ್. ಪರೀಕ್ಷೆ ನಡೀವಾಗ ಕೋಣೇಲಿ ಜನ ಇರಬಾರ್ದು ಅನ್ನೋದು ನಿಯಮ ಅಂತಿದಾರೆ."

"ಒಳಗೆ ಯಾರೂ ಇಲ್ಲ ಅನ್ನು."

"ಫೋನು ಇದಾರೆ ಅಂತಿದ್ಯಲ್ಲ. ಅದಕ್ಕೇ ತಪಾಸಣೆಯವರು ಬಾಗಿಲು ತೆಗೆದು, ದಯವಿಟ್ಟು ಹೊರಗೆ ಬನ್ನಿ ಅಂದ್ರಂತೆ. ಅವಾಗಿಂದ ಫೋನು ಪೂರ್ತಿ ವಿಕಿರಣ ಬಿಡ್ತಿದೆ. ಪರೀಕ್ಷೆಗೆ ಅಂತ ಮಾಡಿರೋ ಪ್ಲಾಸ್ಟಿಕ್ ತಲೆ ಪಕ್ಕ ಇಟ್ರೂ ಇಳೀತಿಲ್ಲ. ಫೇಲು ಮಾಡಿ ಹೊರಟ್ರಂತೆ."

"ಮತ್ತೆ ಒಳಗಿದ್ದೋರು?"

"ಹೊರಗೆ ಬಂದಿರ್ಬೇಕು ಸಾರ್."

ಇಬ್ಬರೂ ಖಾಲಿ ತಟ್ಟೆಗಳನ್ನು ಕೆಳಗಿಟ್ಟು, ಒಬ್ಬರಿಗೊಬ್ಬರು ಅಂಟಿಕೊಂಡಂತೆ ಹೊರನಡೆದರು.