ಅಳಿಸಬೇಕು ಎಂದು ಬರೆದಿತ್ತು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಕುಳಿತು ಆಗಲೇ ಒಮ್ಮೆ ಗಡಿಯಾರ ನೋಡಿಕೊಂಡ ಅತಿಥಿಗಳೇ, ಹಳೇ ನಗು ಸಂಘದ ಕಾರ್ಯದರ್ಶಿಗಳೇ, ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೇ ಜಾಗ ಹಿಡಿದ ಬುದ್ಧಿವಂತರೇ, ಮತ್ತು ಇವೆರಡರ ನಡುವೆ ಸಿಕ್ಕಿಹಾಕಿಕೊಂಡಿರುವ ಸಭಿಕರೇ,

ಹತ್ತು ನಿಮಿಷ ಮಾತಾಡಿ ಎಂದಿದ್ದಾರೆ. ದಯವಿಟ್ಟು ನನ್ನ ಕೈಗಡಿಯಾರವನ್ನು ನಂಬಬೇಡಿ. ಅದು ನಿಂತು ಮೂವತ್ತೇಳು ವರ್ಷವಾಯಿತು. ಯಾಕೆ ನಿಂತಿತು ಎನ್ನುವುದೇ ಇವತ್ತಿನ ಭಾಷಣ ಎಂದರೂ ತಪ್ಪಿಲ್ಲ.

ಇದೀಗ ಓದಿದ ಸನ್ಮಾನ ಪತ್ರದಲ್ಲಿ ನನ್ನನ್ನು ‘ನಗೆಯ ಸಂರಕ್ಷಕ’ ಎಂದು ಕರೆದಿದ್ದೀರಿ. ಅದನ್ನು ಕೇಳುವಾಗ ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಬಂದು ನಿಂತಿದ್ದಾರೇನೋ ಅಂತ. ಫಲಕ ಚೆನ್ನಾಗಿದೆ, ಭಾರವಾಗಿದೆ, ಬೆನ್ನಿಗೊಂದು ಕಾಲೂ ಇದೆ, ಷೋಕೇಸಿನಲ್ಲಿ ತಾನೇ ನಿಲ್ಲುತ್ತದೆ. ನನಗೆ ಮಾತ್ರ ಇವತ್ತು ಕಾಲು ನಿಲ್ಲುತ್ತಿಲ್ಲ. ಖುಷಿಯೋ ಹೆದರಿಕೆಯೋ ಗೊತ್ತಾಗುತ್ತಿಲ್ಲ. ಎರಡೂ ಇರಬೇಕು.

ನಾನು ಯಾರು? ಟೀವಿ ನಿಲಯದ ಟೇಪು ಉಗ್ರಾಣದ ಗುಮಾಸ್ತ. ಎಲ್ಲರ ಬಾಯಲ್ಲಿ ಟೇಪಣ್ಣ. ಟೇಪುಗಳನ್ನು ಜೋಡಿಸಿಡುವುದು ಒಂದು ಕೆಲಸ, ಅಳಿಸುವುದು ಇನ್ನೊಂದು. ಸೇರಿದಾಗ ಮೊದಲನೆಯದೇ ಮುಖ್ಯ ಅಂದುಕೊಂಡಿದ್ದೆ. ಜೀವಮಾನವಿಡೀ ಮಾಡಿದ್ದು ಎರಡನೆಯದನ್ನು.

‘ಅಂಥ ಒಳ್ಳೊಳ್ಳೆ ಹಳೇ ಹಾಸ್ಯ ಧಾರಾವಾಹಿಗಳು ಈಗ್ಯಾಕೆ ಎಲ್ಲೂ ಸಿಗಲ್ಲ ಸಾರ್?’ ಎಂದು ಕಾರ್ಯದರ್ಶಿಗಳು ನನ್ನ ಮನೆಗೆ ಬಂದು ಕೇಳಿದರು. ಪಾಪ, ಕಳ್ಳನನ್ನೇ ಕರೆದು ಒಡವೆ ಎಲ್ಲಿ ಹೋಯಿತಪ್ಪಾ ಎಂದು ಕೇಳಿದ ಹಾಗಾಯಿತು. ಸಭಿಕರೇ, ಅವು ಎಲ್ಲಿಗೂ ಹೋಗಲಿಲ್ಲ. ಉಗ್ರಾಣದ ಮೂಲೆಯಲ್ಲಿ ಮೇಜಿನಷ್ಟು ಅಗಲದ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಅದರೊಳಗೆ ಆಯಸ್ಕಾಂತ. ಟೇಪಿನ ಸುರುಳಿಯನ್ನು ಅದರ ಮೇಲಿಟ್ಟು, ಗುಂಡಿ ಒತ್ತಿ, ನಿಧಾನವಾಗಿ ಒಂದು ಸುತ್ತು ತಿರುಗಿಸಿದರೆ ಗುಂಯ್ ಎಂದು ಸದ್ದು. ಅರ್ಧ ಗಂಟೆಯ ನಗು ಅರ್ಧ ನಿಮಿಷದಲ್ಲಿ ಮಾಯ. ಟೇಪು ಮತ್ತೆ ಹೊಸದು.

ಆಗ ಟೇಪು ದುಬಾರಿ. ಬೀರುಗಳು ನಾಲ್ಕೇ. ಮಂತ್ರಿಗಳ ಭಾಷಣ ಇಡಬೇಕು ಎಂದು ನಿಯಮವಿತ್ತು, ಗಂಭೀರ ನಾಟಕ ಇಡಬಹುದು ಎಂದಿತ್ತು. ಹಾಸ್ಯಕ್ಕೆ ನಿಯಮವೇ ಇರಲಿಲ್ಲ. ಜನ ಒಮ್ಮೆ ನಕ್ಕರಲ್ಲ, ಮುಗಿಯಿತಲ್ಲ, ಇನ್ನೇನು ಅದಕ್ಕೆ? ನೀವು ಇವತ್ತಿಗೂ ಮಾತಾಡಿಕೊಳ್ಳುವ ಎಷ್ಟೋ ಹಾಸ್ಯದ ಕಂತುಗಳ ಮೇಲೆ ಫುಟ್‌ಬಾಲ್ ಪಂದ್ಯ ಕೂತಿದೆ, ಅದರ ಮೇಲೆ ಬೆಳೆ ಸಮಾಚಾರ, ಅದರ ಮೇಲೆ ಯಾವುದೋ ಸೇತುವೆಯ ಉದ್ಘಾಟನೆ. ಅಕಸ್ಮಾತ್ ಉಳಿದ ಟೇಪುಗಳನ್ನು ಓಡಿಸುವ ಯಂತ್ರ ಸುಲಭವಾಗಿ ಸಿಗುವುದಿಲ್ಲ. ಯಂತ್ರ ಸಿಕ್ಕರೂ ಜೋಕಿಗೆ ವಿವರಣೆ ಬೇಕು. ರಾಂಗ್ ನಂಬರ್ ಬಂದಿದ್ದಕ್ಕೇ ಇಡೀ ಕಂತು ನಡೆಯುತ್ತಿತ್ತು ಎಂದರೆ ನನ್ನ ಮೊಮ್ಮಗಳು ‘ಬ್ಲಾಕ್ ಮಾಡಬಹುದಿತ್ತಲ್ಲ ತಾತ’ ಅನ್ನುತ್ತಾಳೆ. ಅಲ್ಲಿಗೆ ಕಂತು ಖಲಾಸ್.

ಇನ್ನು ‘ಯಾರಪ್ಪಾ ಅದು?’ ಧಾರಾವಾಹಿಗೆ ಬರೋಣ. ನೀವೆಲ್ಲ ಬಂದಿರುವುದು ಅದಕ್ಕೇ, ನನ್ನ ಮುಖ ನೋಡಲಿಕ್ಕಲ್ಲ. ನೆನಪಿಲ್ಲದವರಿಗೆ ಹೇಳುತ್ತೇನೆ. ಒಂದು ಬಾಡಿಗೆ ಮನೆ, ಒಂದು ಕುಟುಂಬ. ಪ್ರತಿ ಕಂತಿನ ಮೊದಲಿಗೆ ಯಾರೋ ಬಾಗಿಲು ತಟ್ಟುತ್ತಾರೆ, ಮೂರು ಸಲ. ಅಪ್ಪ ಪೇಪರಿನ ಹಿಂದಿನಿಂದ ‘ಯಾರಪ್ಪಾ ಅದು?’ ಎನ್ನುತ್ತಾನೆ. ಏಳುವುದಿಲ್ಲ. ಅಮ್ಮ ಮಗಳಿಗೆ ಹೇಳುತ್ತಾಳೆ, ಮಗಳು ಅಜ್ಜಿಗೆ ಹೇಳುತ್ತಾಳೆ, ಅಜ್ಜಿಗೆ ಕಿವಿ ಕೇಳುವುದಿಲ್ಲ. ಬಾಗಿಲು ತೆರೆಯುವಷ್ಟರಲ್ಲಿ ಹೊರಗಿದ್ದವರು ಕಿಟಕಿಯಿಂದ ಒಳಗೆ ಬಂದು ಸೋಫಾದ ಮೇಲೆ ಕೂತಿರುತ್ತಾರೆ. ಇಷ್ಟೇ. ಇಷ್ಟಕ್ಕೆ ಊರಿಗೆ ಊರೇ ಬಿದ್ದು ಬಿದ್ದು ನಗುತ್ತಿತ್ತು.

ಅದನ್ನು ಬರೆದು ನಿರ್ದೇಶಿಸಿದ ಮೇಡಂ ಇವತ್ತು ನಮ್ಮ ಅಧ್ಯಕ್ಷರು. ಎಂಬತ್ತೆರಡು ವಯಸ್ಸು. ನಾನು ಒಂದು ತಪ್ಪು ಪದ ಆಡಿದರೂ ಹುಬ್ಬು ಏರುತ್ತದೆ, ನೋಡಿ, ಏರಿತು. ಆ ಧಾರಾವಾಹಿಯಲ್ಲಿ ಮನೆ ಮಾಲೀಕನೊಬ್ಬ ಇದ್ದ. ನಲ್ಲಿ ಸೋರುತ್ತಿದೆ ಎಂದರೆ ‘ಬರೆದು ಕೊಡಿ’, ಮನೆಗೆ ಬೆಂಕಿ ಬಿದ್ದಿದೆ ಎಂದರೂ ‘ಬರೆದು ಕೊಡಿ’. ನಿಲಯದಲ್ಲಿ ಹಾಗೆ ಮಾತಾಡುತ್ತಿದ್ದವರು ಒಬ್ಬರೇ, ನಮ್ಮ ದೊಡ್ಡ ಸಾಹೇಬರು. ಮೇಡಂ ಅವರ ಸ್ವಂತ ಅಣ್ಣ. ಅವರೂ ಬಂದಿದ್ದಾರೆ, ಮೊದಲ ಸಾಲಿನ ಬಲತುದಿಯಲ್ಲಿ, ಕೋಲು ಹಿಡಿದು ಕೂತಿದ್ದಾರೆ. ವೇದಿಕೆಯಲ್ಲಿ ಮೇಡಂ ಎಡತುದಿಯಲ್ಲಿ ಕೂತಿದ್ದಾರೆ. ಈ ಸಭಾಂಗಣದಲ್ಲಿ ಇವರಿಬ್ಬರನ್ನು ಇದಕ್ಕಿಂತ ದೂರ ಕೂರಿಸಲು ಜಾಗವಿಲ್ಲ. ಮೂವತ್ತೇಳು ವರ್ಷದಿಂದ ಇಬ್ಬರ ನಡುವೆ ಮಾತಿಲ್ಲ.

ಯಾಕೆ ಮಾತಿಲ್ಲ ಎಂಬುದನ್ನು ನಿಮ್ಮ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿದ್ದೀರಿ, ಹನ್ನೊಂದನೇ ಪುಟ. ‘ಕೊನೆಯ ಕಂತನ್ನು ಪ್ರಸಾರಕ್ಕೆ ಮೊದಲೇ ಅಧಿಕಾರಿಯೊಬ್ಬರು ಅಸೂಯೆಯಿಂದ ಅಳಿಸಿ ಹಾಕಿಸಿದರು.’ ಆಗಲೇ ಚಹಾದ ಹೊತ್ತಿನಲ್ಲಿ ಸಾಹೇಬರು ಆ ಪುಟ ಓದುವುದನ್ನು ನಾನು ನೋಡಿದೆ. ಓದಿದರು, ಆ ಹಾಳೆಯನ್ನು ಹರಿದು ನಾಲ್ಕಾಗಿ ಮಡಚಿದರು, ಜೇಬಿಗೆ ಹಾಕಿಕೊಂಡು ಬಿಸ್ಕತ್ತು ತಿಂದರು. ನಾನು ಬರೆದು ತಂದಿದ್ದ ಭಾಷಣವನ್ನು ಆಗಲೇ ಕಸದ ಬುಟ್ಟಿಗೆ ಹಾಕಿದೆ.

ಸ್ವಲ್ಪ ನನ್ನ ಮದುವೆಯ ವಿಷಯ ಹೇಳುತ್ತೇನೆ. ಕಾರ್ಯದರ್ಶಿಗಳು ಗಾಬರಿಯಾಗಬೇಡಿ, ಸಂಬಂಧವಿದೆ.

ನಿಲಯದ ಟೆಲಿಫೋನ್ ಆಪರೇಟರ್ ಒಬ್ಬಳು ಇದ್ದಳು. ಸ್ಟುಡಿಯೋದಲ್ಲಿ ನಗಲು ಜನ ಸಾಲದಿದ್ದರೆ ನೌಕರರನ್ನೇ ಕರೆದು ಕೂರಿಸುತ್ತಿದ್ದರು. ಇವಳೂ ಹೋಗುತ್ತಿದ್ದಳು. ಇವಳದ್ದೊಂದು ವಿಶೇಷ. ಎಲ್ಲರೂ ನಕ್ಕು ಸುಮ್ಮನಾದ ಮೇಲೆ, ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಬಿಟ್ಟು, ಇವಳೊಬ್ಬಳೇ ನಗುತ್ತಿದ್ದಳು, ಸ್ಟೀಲ್ ಪಾತ್ರೆಗಳ ಗೋಪುರ ಬಿದ್ದಂತೆ. ಮೊದಲ ದಿನ ಮೇಡಂ ‘ಯಾರದು, ಹೊರಗೆ ಕಳಿಸ್ರೀ ಅವಳನ್ನ’ ಅಂದರು. ಎರಡನೇ ವಾರದ ಹೊತ್ತಿಗೆ ಅಪ್ಪನ ಪಾತ್ರಧಾರಿ ಆ ಎರಡನೇ ನಗುವಿಗಾಗಿ ಕಾಯಲು ಶುರು ಮಾಡಿದರು. ಪೇಪರ್ ಒಂಚೂರು ಇಳಿಸಿ, ಅವಳು ನಕ್ಕ ಮೇಲೆ ಮತ್ತೆ ಏರಿಸುವರು. ಅದಕ್ಕೆ ಮತ್ತೊಮ್ಮೆ ಎಲ್ಲರೂ ನಗುವರು. ಪತ್ರಿಕೆಯಲ್ಲಿ ಇದನ್ನು ಹೊಸ ಬಗೆಯ ಅಭಿನಯ ಎಂದು ಬರೆದರು. ಹೊಸದೂ ಇಲ್ಲ ಹಳೆಯದೂ ಇಲ್ಲ, ನಮ್ಮವಳಿಗೆ ಜೋಕು ತಡವಾಗಿ ಹತ್ತುತ್ತಿತ್ತು.

ನಾನು ಉಗ್ರಾಣದ ಗೋಡೆಯಾಚೆ ಆ ನಗು ಕೇಳಿ ಕೇಳಿಯೇ ಕೆಟ್ಟೆ. ಮದುವೆಯಾಗ್ತೀಯಾ ಎಂದು ಕೇಳಿದೆ. ಅದಕ್ಕೂ ನಾಲ್ಕು ದಿನ ಬಿಟ್ಟು ನಕ್ಕಳು. ಮೂರನೇ ಸಾಲಿನಲ್ಲಿ ಹಸಿರು ಸೀರೆ ಉಟ್ಟು ಕೂತಿದ್ದಾಳೆ, ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾಳೆ. ಸಂಜೆ ಮನೆಯಲ್ಲಿ ನನಗೆ ಮಂಗಳಾರತಿ ಇದೆ. ನೀವು ಇವತ್ತು ನೋಡಲಿರುವ ಮೂರು ಕಂತುಗಳು ಉಳಿದದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ಇವಳ ನಗು ಜೋರಾಗಿ ಕೇಳುವ ಕಂತುಗಳು ಅವು. ಅವುಗಳ ಮೇಲೆ ‘ಯಂತ್ರ ಪರೀಕ್ಷೆಯ ಟೇಪು, ಮುಟ್ಟಬಾರದು’ ಎಂದು ಬರೆದು ಬಚ್ಚಿಟ್ಟೆ. ಮುಂದೆ ಉಗ್ರಾಣ ಖಾಲಿ ಮಾಡಿದಾಗ ಮನೆಗೆ ಒಯ್ದೆ. ಇದು ಸಂರಕ್ಷಣೆಯೋ ಕಳ್ಳತನವೋ, ಫಲಕ ಕೊಟ್ಟವರು ಯೋಚಿಸಿ.

ಈಗ ಕೊನೆಯ ಕಂತು. ಅದನ್ನು ನೋಡಿದವರು ಅಂದು ಸ್ಟುಡಿಯೋದಲ್ಲಿ ಇದ್ದ ಐವತ್ತು ಜನ ಮಾತ್ರ. ನಾನು ನೋಡಿಲ್ಲ, ನನ್ನವಳು ಹೇಳಿದ್ದು. ಮನೆ ಖಾಲಿ ಮಾಡುತ್ತಾರೆ. ಸಾಮಾನೆಲ್ಲ ಗಾಡಿಗೆ ಏರಿಸುತ್ತಾರೆ. ಅಪ್ಪ ಬೀಗ ಹಾಕುತ್ತಾನೆ. ನಾಲ್ಕು ಹೆಜ್ಜೆ ಹೋಗಿ, ವಾಪಸ್ ಬಂದು, ಆ ಖಾಲಿ ಮನೆಯ ಬಾಗಿಲನ್ನು ತಾನೇ ಮೂರು ಸಲ ತಟ್ಟುತ್ತಾನೆ. ಕಾಯುತ್ತಾನೆ. ಒಳಗಿನಿಂದ ಯಾರೂ ಏನೂ ಅನ್ನುವುದಿಲ್ಲ. ಅಷ್ಟೇ, ಮುಗಿಯಿತು.

ನೋಡಿ, ನಿಮ್ಮಲ್ಲೇ ಇಬ್ಬರು ಕರ್ಚೀಫು ತೆಗೆದರು. ಅಂದು ಸ್ಟುಡಿಯೋದಲ್ಲಿಯೂ ಎಲ್ಲರೂ ಅತ್ತರು. ಒಬ್ಬಳನ್ನು ಬಿಟ್ಟು. ಅವಳು ಅತ್ತದ್ದು ಬಸ್ ಸ್ಟಾಪಿನಲ್ಲಿ, ಇಪ್ಪತ್ತು ನಿಮಿಷ ಆದ ಮೇಲೆ. ಮೇಡಂ ಬಸ್ ಸ್ಟಾಪಿಗೆ ಬಂದಿರಲಿಲ್ಲವಲ್ಲ. ಅವರು ಕಂಡದ್ದು ಒಣ ಕಣ್ಣು ಬಿಟ್ಟುಕೊಂಡು ಕೂತ ಒಬ್ಬ ಹುಡುಗಿಯನ್ನು. ಇವಳೇ ಅಳಲಿಲ್ಲ ಎಂದರೆ ದೃಶ್ಯದಲ್ಲಿ ಏನೋ ಸಾಲದು ಎಂದುಕೊಂಡರು. ಸಂಕಲನಕಾರರಿಗೆ ಒಂದು ಚೀಟಿ ಬರೆದು ಟೇಪಿನ ಡಬ್ಬಿಗೆ ಅಂಟಿಸಿದರು. ಆ ಡಬ್ಬಿ ಸಂಕಲನಕ್ಕೆ ಹೋಗುವ ಮೊದಲು ನನ್ನ ಮೇಜಿಗೆ ಬಂತು.

ಆ ಚೀಟಿ ಇವತ್ತಿಗೂ ನನ್ನ ಪರ್ಸಿನಲ್ಲೇ ಇದೆ. ಕನ್ನಡಕ ಹಾಕಿಕೊಳ್ಳುತ್ತೇನೆ. ಓದುತ್ತೇನೆ. ‘ಕೊನೆಯ ಕಂತು. ಅಳಿಸಬೇಕು.’

ಸಭಿಕರೇ, ಮೇಡಂ ಬರೆದದ್ದು ಜನರನ್ನು ಅಳಿಸಬೇಕು ಅಂತ. ಟೇಪಣ್ಣ ಓದಿದ್ದು ಟೇಪನ್ನು ಅಳಿಸಬೇಕು ಅಂತ.

ಹಿಂದಿನ ಮೂವತ್ತೊಂಬತ್ತು ಡಬ್ಬಿಗಳ ಮೇಲೆಯೂ ಮೇಡಂ ಚೀಟಿ ಇತ್ತು. ‘ಇನ್ನೂ ನಗಿಸಬೇಕು’, ‘ಇಲ್ಲಿ ನಗಿಸಬಾರದು’, ಹೀಗೆ. ಅವನ್ನೆಲ್ಲ ನಾನು ಓದಿದ್ದೇನೆಯೇ? ಖಾಲಿ ಮಾಡಬೇಕಾದ ಟೇಪುಗಳ ಮೇಲೂ ‘ಅಳಿಸಬೇಕು’ ಎಂದೇ ಬರೆದು ಬರುತ್ತಿತ್ತು, ನನ್ನ ಕಣ್ಣು ಯಾವ ಡಬ್ಬಿಯ ಮೇಲೂ ಆ ಒಂದೇ ಪದ ಹುಡುಕುತ್ತಿತ್ತು. ಸಿಕ್ಕಿತು. ಅಂದು ನಿಶ್ಚಿತಾರ್ಥದ ಸೀರೆ ತರಲು ಹೋಗಬೇಕಿತ್ತು, ಅವಸರ. ಗಡಿಯಾರ ಬಿಚ್ಚಿಡದೆ ಗುಂಡಿ ಒತ್ತಿದೆ. ಗುಂಯ್. ಗಡಿಯಾರ ನಿಂತಿತು. ಟೇಪು ಹೊಸದಾಯಿತು.

ಆ ವಾರ ಅದರ ಬದಲು ಮೀನು ಸಾಕಣೆಯ ಸಾಕ್ಷ್ಯಚಿತ್ರ ಹಾಕಿದರು. ಮೀನುಗಳ ಅಭಿನಯ ಸಹಜವಾಗಿತ್ತು ಎಂದು ಹನ್ನೆರಡು ಪತ್ರ ಬಂದವು. ಸೆಟ್ಟು ಆಗಲೇ ಕಿತ್ತಿದ್ದರು, ಮತ್ತೆ ಚಿತ್ರೀಕರಿಸುವಂತಿರಲಿಲ್ಲ. ಮೇಡಂ ಅಣ್ಣನ ಕೋಣೆಗೆ ನುಗ್ಗಿದರು. ‘ನಿನ್ನನ್ನು ಆಡಿಕೊಂಡೆ ಅಂತ ನೀನೇ ಮಾಡಿಸಿದ್ದು’ ಅಂದರು. ಸಾಹೇಬರು ‘ನಾನಲ್ಲ ಕಣೇ’ ಅಂದರು. ‘ಹಾಗಾದರೆ ಬರೆದು ಕೊಡು’ ಅಂದರು ಮೇಡಂ. ಕಾರಿಡಾರಿನಲ್ಲಿ ಇದ್ದವರೆಲ್ಲ ನಕ್ಕರು. ಅಳಿಸಲು ಬರೆದವರು ಸಾಹೇಬರೇ ಎಂದುಕೊಂಡು ನಾನೂ ನಕ್ಕೆ. ಮೇಡಂ ಕೆಲಸ ಬಿಟ್ಟು ಹೋದರು.

ನನಗೆ ವಿಷಯ ತಿಳಿದದ್ದು ಒಂದು ವಾರದ ಮೇಲೆ, ಕ್ಯಾಂಟೀನಿನಲ್ಲಿ. ‘ಅವತ್ತು ಮೇಡಂ ನನ್ನನ್ನೇ ನೋಡ್ತಾ, ಇವಳನ್ನ ಇನ್ನೂ ಅಳಿಸಬೇಕು ಅಂದ್ರು ಕಣ್ರೀ’ ಅಂತ ಇವಳು ಹೇಳಿಕೊಂಡು ನಗುತ್ತಿದ್ದಳು. ಚಹಾ ಅಲ್ಲೇ ಬಿಟ್ಟು ಉಗ್ರಾಣಕ್ಕೆ ಓಡಿ ಚೀಟಿ ಹುಡುಕಿ ನೋಡಿದೆ, ಮೇಡಂ ಅವರದ್ದೇ ಕೈಬರಹ. ಕೆಲಸ ಹೋಗುತ್ತದೆ ಎಂದು ಹೆದರಿದೆ. ಮದುವೆ ಮುರಿಯುತ್ತದೆ ಎಂದು ಹೆದರಿದೆ. ಆಮೇಲೆ ಹೇಳೋಣ ಎಂದುಕೊಂಡೆ. ಆಮೇಲೆ ಎನ್ನುವುದು ಮೂವತ್ತೇಳು ವರ್ಷ ಆಯಿತು. ನನ್ನವಳಿಗೂ ಇದು ಗೊತ್ತಾಗುತ್ತಿರುವುದು ಈಗಲೇ.

ಸಾಹೇಬರೇ, ನೀವು ಅಂದು ನಿಜ ಹೇಳಿದಿರಿ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಮೇಡಂ, ನಿಮ್ಮ ಅಣ್ಣ ಅಳಿಸಲಿಲ್ಲ. ನಾನು ಅಳಿಸಿದೆ, ನಿಮ್ಮಿಬ್ಬರನ್ನೂ. ಕ್ಷಮಿಸಿ ಎನ್ನುವುದು ಬಹಳ ಚಿಕ್ಕ ಪದ, ಆದರೆ ಅದಕ್ಕೆ ಒಂದೇ ಅರ್ಥ ಇದೆ. ಸಾಹೇಬರು ಬಯಸಿದರೆ ಇದನ್ನೆಲ್ಲ ಬರೆದು ಕೊಡುತ್ತೇನೆ.

ಫಲಕವನ್ನು ಇಲ್ಲೇ ಮೇಜಿನ ಮೇಲೆ ಇಡುತ್ತಿದ್ದೇನೆ. ಕಾಲಿದೆ, ನಿಲ್ಲುತ್ತದೆ.

ಚೀಟಿಯನ್ನೂ ಮಡಚಿ ಅದರ ಪಕ್ಕದಲ್ಲೇ ಇಡುತ್ತೇನೆ.

ಅದೇನು ಸದ್ದು? ದಯವಿಟ್ಟು ಯಾರೂ ಏಳಬೇಡಿ. ಸಾಹೇಬರು ಕೋಲಿನಿಂದ ನೆಲ ತಟ್ಟುತ್ತಿದ್ದಾರೆ. ಒಂದು. ಎರಡು. ಮೂರು.

ಇದಕ್ಕೆ ನಾನು ಉತ್ತರ ಕೊಡುವಂತಿಲ್ಲ, ಅಧ್ಯಕ್ಷರೇ.

ಅಧ್ಯಕ್ಷರು ಆಹ್ವಾನ ಪತ್ರಿಕೆಯನ್ನು ಪೇಪರಿನಂತೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದಿದ್ದಾರೆ. ಏನೋ ಹೇಳಿದರು. ಅವರ ಮುಂದೆ ಮೈಕ್ ಇಲ್ಲ, ಹಿಂದಿನ ಸಾಲಿಗೆ ಕೇಳಿಸಿರಲಿಕ್ಕಿಲ್ಲ. ಅವರು ಹೇಳಿದ್ದು ಇಷ್ಟು: ‘ಯಾರಪ್ಪಾ ಅದು?’

ನಗಿ, ನಗಿ, ಎಲ್ಲರೂ ಚೆನ್ನಾಗಿ ನಗಿ. ಸಾಹೇಬರು ಎದ್ದರು, ಮೆಟ್ಟಿಲ ಹತ್ತಿರ ಇರುವವರು ಯಾರಾದರೂ ಅವರ ಕೈ ಹಿಡಿಯಿರಿ. ಕಿಟಕಿಯಿಂದ ಬರುವ ವಯಸ್ಸಲ್ಲ ಅವರದ್ದು. ನನ್ನನ್ನು ಕರೆದ ಸಂಘಕ್ಕೆ, ತಾಳ್ಮೆಯಿಂದ ಕೂತ ನಿಮಗೆ, ಹತ್ತು ನಿಮಿಷ ದಾಟಿದರೂ ಚೀಟಿ ಕಳಿಸದ ಕಾರ್ಯದರ್ಶಿಗಳಿಗೆ ನನ್ನ ವಂದನೆಗಳು. ಚೀಟಿ ಕಳಿಸಿದ್ದರೆ ಅದನ್ನೂ ತಪ್ಪಾಗಿ ಓದುತ್ತಿದ್ದೆ.

ನಕ್ಕದ್ದು ಆಯಿತೇ? ಇನ್ನು ಒಂದೇ ಒಂದು ಗಳಿಗೆ, ಎಲ್ಲರೂ ಸುಮ್ಮನಿರಿ. ಮೂರನೇ ಸಾಲಿನಿಂದ ಒಂದು ಬಾಕಿ ಇದೆ. ಮೇಡಂ ಕೂಡ ಪತ್ರಿಕೆ ಒಂಚೂರು ಇಳಿಸಿ ಕಾಯುತ್ತಿದ್ದಾರೆ, ನೋಡಿ.

ಒಂದು. ಎರಡು. ಮೂರು.

ಹಾಂ, ಬಂತು. ನಮಸ್ಕಾರ.