ಹೆಸರು ಹಿಡಿದು ಕರೆದರೆ

ಎಪ್ಪತ್ತೆಂಟನೆಯ ಇಸವಿಯ ನವರಾತ್ರಿ. ಹಸ್ತದ ಮಳೆ ಹೇಳದೆ ಕೇಳದೆ ಬಂದು ವಿಜಾಪುರದ ಮೇಲೆ ಬಿದ್ದಾಗ, ಬೋರವ್ವ ಗಂಡನ ಹಿಂದೆ ಓಡಿ ಹೋಗಿ ಸಾಹೇಬರ ಬಂಗಲೆಯ ಪಡಸಾಲೆ ಸೇರಿದಳು. ಬ್ರಿಟಿಷರು ಕಟ್ಟಿ ಬಿಟ್ಟುಹೋದ ಬಂಗಲೆಗಳ ಓಣಿ ಅದು. ಕೆಲವು ವರ್ಷಗಳ ಹಿಂದೆ ಹೊಸ ಗಚ್ಚು ಮೆತ್ತಿ, ಹೆಂಚು ಹೊದಿಸಿ, ಸುಣ್ಣ ಬಳಿದು ಮೊದಲಿದ್ದ ಹಾಗೆಯೇ ಮಾಡಿದ್ದರು. ನೋಡಲು ಬಂದವರನ್ನು ನಡೆಸಿಕೊಂಡು ಹೋಗಿ ಒಂದೊಂದನ್ನೇ ತೋರಿಸುವ ಕೆಲಸ ಮುದುಕ ಯಲಗೂರಪ್ಪನದು. ಅವತ್ತು ಅವನ ಹಿಂದೆ ಬಂದವರು ಮೂರೇ ಮಂದಿ: ಕಾಖಂಡಕಿಯ ಸಂಗಣ್ಣ ಮಾಸ್ತರ, ಅವನ ಹೆಂಡತಿ ಬೋರವ್ವ, ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಅಬ್ದುಲಸಮದ.

ಬೋರವ್ವನ ಮದುವೆಯಾಗಿ ಎಂಟು ತಿಂಗಳಾಗಿತ್ತು. ಸಾಲಿಯಲ್ಲಿ ನಲವತ್ತು ಮಕ್ಕಳ ಹೆಸರನ್ನು ಒಂದೇ ಉಸಿರಿಗೆ ಕೂಗುವ ಮಾಸ್ತರನಿಗೆ ಹೆಂಡತಿಯ ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ‘ಏ’ ಅಂದರೂ ಬೋರವ್ವ, ‘ಏ, ಕೇಳಿಲ್ಲಿ’ ಅಂದರೂ ಬೋರವ್ವ. ನಾಲ್ಕು ಮಂದಿಯೆದುರು ಹೆಂಡತಿಯ ಹೆಸರೆತ್ತಿದರೆ ಸೆರಗು ಹಿಡಿದವನು ಅಂದಾರು ಅನ್ನುವ ಅಂಜಿಕೆ ಅವನಿಗೆ. ಹೊಸ ಸೀರೆ, ಪೇಟೆಯ ತಿರುಗಾಟ ಎಲ್ಲ ಅವಳಿಗೆ ಸಿಕ್ಕಿತ್ತು. ತವರಿನಿಂದ ತಂದ ಹೆಸರೊಂದು ಪೆಟ್ಟಿಗೆಯಲ್ಲೇ ಉಳಿದಿತ್ತು.

“ಏ, ಈ ಕಡೆ ಸರಿ, ಹನಿ ಸಿಡೀತಾವ,” ಅಂದ ಸಂಗಣ್ಣ.

ಯಲಗೂರಪ್ಪ ಅದನ್ನು ಕೇಳಿ ತನ್ನಷ್ಟಕ್ಕೆ ನಕ್ಕ. ಕಂಬಕ್ಕೆ ಬೆನ್ನು ಕೊಟ್ಟು ಕೂತು ಮೊಣಕಾಲು ನೀವಿಕೊಂಡ. ಅಬ್ದುಲಸಮದ ಚೀಲ ಬಿಚ್ಚಿ ಎಲ್ಲರ ಅಂಗೈಗೂ ಒಂದೊಂದು ಹಿಡಿ ಒಣದ್ರಾಕ್ಷಿ ಹಾಕಿದ.

“ಮಳಿ ನಿಲ್ಲೂತನಕ ಏನರ ಹೇಳ್ರಿ ಕಾಕಾ. ಈ ಬಂಗಲೇದಾಗ ದೆವ್ವ ಐತಂತಲ್ರಿ?”

“ದೆವ್ವ ಅನಬ್ಯಾಡ್ರಿ ಸಾವುಕಾರ್ರ,” ಅಂದ ಮುದುಕ. “ಆಕಿ ನನ್ನ ಹೆಂಡತಿ.”

ಬೋರವ್ವನ ಅಂಗೈಯ ಒಣದ್ರಾಕ್ಷಿ ಬಾಯಿಗೆ ಹೋಗಲಿಲ್ಲ.

“ಕೇಳ್ರಿ ಹಂಗಾರ. ಇಪ್ಪತ್ತೆರಡ ವರ್ಷ ಸಂಸಾರ ಮಾಡಿದ್ವಿ. ಅಷ್ಟ ವರ್ಷದಾಗ ಆಕೀನ ಒಮ್ಮೆರ ಹೆಸರ ಹಿಡದ ಕರದಿದ್ನೇನ್ರಿ? ಇಲ್ಲ. ‘ಏ’ ಅಂದ್ರ ಸಾಕು, ಕೈಯಾಗ ರೊಟ್ಟಿ ಹಿಟ್ಟ ಹಂಗ ಇರತಿತ್ತು, ‘ಬಂದೆರೀ’ ಅಂತ ಓಡಿ ಬರಾಕಿ... ನೂರ ಸಲ ಕರದ್ರ ನೂರ ಸಲ ‘ಬಂದೆರೀ’. ಕಡೀಕ ಜ್ವರ ಬಂದ ಮಲಗಿದ್ಲು. ಮಂದಿ ಸುತ್ತ ಕೂತಿತ್ತು. ನನ್ನ ಕೈ ಹಿಡದ, ‘ಒಮ್ಮೆ ನನ್ನ ಹೆಸರ ಹಿಡದ ಕರೀರಿ, ಕೇಳಿ ಹೋಗ್ತೀನಿ’ ಅಂದ್ಲು. ಏನ ಬಂಗಾರ ಬೇಡಿದ್ಲೇನ್ರಿ? ನಮ್ಮವ್ವ ಕೂತಿದ್ಲು, ಬೀಗರ ಕೂತಿದ್ರು... ನನಗ ನಾಚಿಕಿ ಬಂತು. ‘ಏ, ಸುಮ್ನ ಮಲಗ’ ಅಂದ್ನಿ. ಮಲಗಿದ್ಲು. ಏಳಲಿಲ್ಲ.”

ಮಳೆಯ ನಡುವೆಯೇ ಪಡುವಣದಲ್ಲಿ ಬಿಸಿಲು ಬಿಚ್ಚಿತ್ತು. ಹನಿಗಳೆಲ್ಲ ಅರಿಸಿನ ಬಣ್ಣಕ್ಕೆ ತಿರುಗಿ, ಎದುರಿನ ಬಂಗಲೆಗಳು ನೀರಿನೊಳಗೆ ನಿಂತಂತೆ ಮೆಲ್ಲಗೆ ಅಲುಗುತ್ತಿದ್ದವು. ಬೋರವ್ವ ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

“ಆಮ್ಯಾಲ ಈ ಕೆಲಸಕ್ಕ ಸೇರಿದ್ನಿ. ಸ್ಟೇಷನ್ನ, ಕಚೇರಿ, ಸಾಹೇಬ್ರ ಕ್ಲಬ್ಬ ನೋಡಿ ಮಂದಿ ಖುಷಿ ಆಗತಿತ್ತು. ಇಲ್ಲಿಗೆ ಬಂದ್ರ ಮಾತ್ರ, ‘ಖಾಲಿ ಗ್ವಾಡಿ ಏನ ನೋಡೂದ್ರಿ’ ಅಂತ ಆಕಳಸ್ತಿದ್ರು. ಒಂದಿನ ಸುಳ್ಳ ಒಂದ ಕತಿ ಕಟ್ಟಿದ್ನಿ. ಸಾಹೇಬ್ನ ಅಡಗಿಮನ್ಯಾಗ ಒಬ್ಬಾಕಿ ರೊಟ್ಟಿ ಬಡೀತಿದ್ಲು, ಸಾಹೇಬ ದೇಶಾ ಬಿಟ್ಟ ಹೋದ್ರೂ ದಿನಾ ಒಲಿ ಹಚ್ಚಿ ದಾರಿ ಕಾಯ್ತಿದ್ಲು ಅಂತ. ಯಾರೋ ಆಕಿ ಹೆಸರ ಕೇಳಿದ್ರು. ನನ್ನ ನಾಲಿಗಿ ಮ್ಯಾಲ ಬ್ಯಾರೆ ಯಾವ ಹೆಸರ ಬರಬೇಕ ಹೇಳ್ರಿ? ಎಲ್ಲಾರ ಮುಂದ ಒದರಿ ಹೇಳಿದ್ನಿ... ಹಿತ್ತಲ ಅಡಗಿಮನ್ಯಾಗಿಂದ ‘ಬಂದೆರೀ’ ಅಂತು.”

ಅಬ್ದುಲಸಮದ ಚೀಲದ ಬಾಯಿ ಕಟ್ಟುವುದನ್ನು ಮರೆತ.

“ಆಟಾ ಹೂಡ್ಯಾನ ಅಂತ ಮಂದಿ ಚಪ್ಪಾಳಿ ಬಡದ್ರು! ನಾ ಓಡಿದ್ನಿ. ಬಾಗಲಾಗ ನಿಂತಿದ್ಲು, ಕೈ ತುಂಬ ಹಿಟ್ಟ, ಮಾರಿ ತುಂಬ ನಗಿ. ಅಂಜಲಿಲ್ಲೇನ ಅಂತೀರೇನ? ತನ್ನ ಹೆಂಡತೀನ ನೋಡಿ ಯಾರ ಅಂಜತಾರ್ರಿ? ಊರ ಕೊಳ್ಳಿ ಹೊಡದ ಮ್ಯಾಲ ಕೋಟಿ ಬಾಗಲಾ ಹಾಕಿದ್ರಂತ, ಹಂಗ ನಂದು. ಇದ್ದಾಗ ಒಮ್ಮೆ ಕರೀಲಿಲ್ಲ, ಸತ್ತ ಮ್ಯಾಲ ದಿನಾ ಕರದ್ನಿ. ದಿನಾ ಬಂದ್ಲು. ಒಂದ ಗಳಿಗಿ ನಿಲ್ಲಾಕಿ, ಹೋಗಾಕಿ.”

ಮುದುಕನ ದನಿ ಇಳಿಯಿತು.

“ಒಂದಿನ ಆಕಿ ಕಾಲ ನೋಡಿದ್ನಿ. ಮುಳ್ಳ ಚುಚ್ಚಿ, ಅಂಗಾಲ ಒಡದ... ಎಷ್ಟ ದೂರದಿಂದ ಬರ್ತಿದ್ಲೋ ಏನೋ, ಒಮ್ಮೆರ ಕೇಳಿದ್ನೇನ್ರಿ ನಾ? ಆವಾಗ ಆಕೀನ ಅಂದ್ಲು: ‘ಕರದ್ರ ಬರಲಾರದ ಇರಾಕ ಆಗೂದಿಲ್ರಿ ನನಗ. ಬಾಳ ದಣದೀನಿ. ಇನ್ನ ಕರೀಬ್ಯಾಡ್ರಿ. ಇನ್ನೊಮ್ಮೆ ಕರದ್ರ, ನಾ ಒಬ್ಬಾಕೀನ ತಿರಗಿ ಹೋಗೂದಿಲ್ಲ ನೋಡ್ರಿ.’ ಮಾತ ಕೊಟ್ನಿ. ನಾಕ ವರ್ಷ ಆತು. ಆ ಹೆಸರ ಕನಸಿನ್ಯಾಗ ಬಾಯಿಗೆ ಬಂದ್ರೂ ನಾಲಿಗಿ ಕಚ್ಕೊಂಡ ಏಳ್ತೀನಿ.”

ಬೋರವ್ವನಿಗೆ ಕಣ್ಣು ತುಂಬಿತ್ತು. ಅಂಜಿಕೆಯೋ, ಹೊಟ್ಟೆಕಿಚ್ಚೋ, ಅವಳಿಗೇ ತಿಳಿಯಲಿಲ್ಲ. ಸತ್ತವಳನ್ನಾದರೂ ಒಬ್ಬ ಗಂಡಸು ಹೆಸರು ಹಿಡಿದು ಕರೆದಿದ್ದ.

“ಏನ್ರಿ ಯಜ್ಜಾ ಆಕಿ ಹೆಸರು?” ಬಾಯಿ ತಪ್ಪಿ ಕೇಳಿಬಿಟ್ಟಳು.

ಸಂಗಣ್ಣ ಗದರಲು ಬಾಯಿ ತೆರೆದ. ಮುದುಕ ಕೈಯೆತ್ತಿ ತಡೆದ.

“ಕೇಳ್ಲಿ ಬಿಡ್ರಿ ಮಾಸ್ತರ್ರ. ಕೇಳೂ ಮಾತ ಕೇಳ್ಯಾಳ.” ಅವನು ಮಳೆಯ ಕಡೆ ನೋಡಿದ. “ಮಂದೀನ ಕರಕೊಂಡ ಸುತ್ತೂದು ಇವತ್ತ ನನ್ನ ಕಡೀ ಫೇರಿ ಯವ್ವಾ. ಕಾಲ ಸೋತಾವ. ನಾಳೆಯಿಂದ ಬ್ಯಾರೆ ಯಾರೋ ಪುಸ್ತಕ ಹಿಡಕೊಂಡ ಬರ್ತಾರ. ಮನ್ಯಾಗ ಒಬ್ಬನ ಕೂತ ಏನ ಮಾಡ್ಲಿ ನಾ? ಒಬ್ಬಾಕೀನ ಹೋಗೂದಿಲ್ಲ ಅಂದಾಳ... ನಾಕ ವರ್ಷ ಅದನ್ನ ಬೆದರಿಕಿ ಅಂತ ತಿಳದಿದ್ನಿ. ತನ್ನ ಜೋಡಿ ಬಾ ಅಂತ ನನ್ನ ಕರಿಯಾಕತ್ತಾಳ ಅನ್ನೂದು ತಿಳೀಲಿಲ್ಲ ನೋಡ ನನಗ.”

ಮಳೆ ನಿಂತಿತು. ಇಡೀ ದಿನ ಎಲ್ಲರ ಮುಂದೆ ನಡೆದ ಯಲಗೂರಪ್ಪ ಈಗ ಏಳಲಿಲ್ಲ. “ಮಳಿ ಹೋತು, ನಡೀರಿ ನೀವು ಮುಂದ,” ಅಂದ. ಅಬ್ದುಲಸಮದ ಬಸ್ಸಿನ ನೆಪ ಹೇಳಿ ಎಲ್ಲರಿಗಿಂತ ಮೊದಲೇ ಮೆಟ್ಟಿಲಿಳಿದ. ಗಂಡ ಹೆಂಡತಿ ಅವನ ಹಿಂದೆ ಹೊರಟರು.

ಅವರು ಗೇಟು ಮುಟ್ಟುವಷ್ಟರಲ್ಲಿ, ಹೊಲದಿಂದ ಬಂದವನು ಅಂಗಳದಲ್ಲಿ ನಿಂತು ಮನೆಯವಳನ್ನು ಕೂಗುವ ಹಾಗೆ, ನಾಚಿಕೆಯಿಲ್ಲದೆ, ಗಂಟಲು ಬಿಚ್ಚಿ ಮುದುಕ ಕೂಗಿದ.

“ಮಲಕವ್ವಾ...”

ಹಸಿ ಗಾಳಿಯಲ್ಲಿ ಬಿಸಿ ರೊಟ್ಟಿಯ ವಾಸನೆ ಬಂತು. ಬೀಗ ಹಾಕಿದ್ದ ಅಡುಗೆಮನೆಯ ಕಡೆಯಿಂದ, ಓಡಿ ಬಂದು ಏದುಸಿರು ಬಿಡುವ ಹೆಣ್ಣುದನಿಯೊಂದು, “ಬಂದೆರೀ,” ಅಂತು.

ಸಂಗಣ್ಣ ನಿಂತಲ್ಲೇ ನಿಂತ. ಅವನು ಗೇಟಿನ ಹತ್ತಿರವೇ, ಅಬ್ದುಲಸಮದನ ಎದುರೇ, ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದ.

“ಬೋರವ್ವಾ,” ಅಂದ.

“ಓ,” ಅಂದಳು ಅವಳು.

ಹಿಂದಿನಿಂದ ಯಲಗೂರಪ್ಪ ನಗುತ್ತ ಕೂಗಿದ್ದು ಮೂವರಿಗೂ ಕೇಳಿಸಿತು.

“ಲಗೂ ನಡೀರಿ, ಕತ್ತಲಾಕ್ಕೈತಿ. ನಾವಿಬ್ಬರೂ ಹಿಂದಿಂದ ಸಾವಕಾಶ ಬರ್ತೀವಿ.”