ಖಾಲಿ ಗಾಜಿನ ಫೋಟೊ

ಅಯ್ಯೋ ಅಕ್ಕ, ಅದನ್ನ ಒಳಕ್ಕೆ ತರಬೇಡ! ಹೊಸಲು ದಾಟಿಸ್ಬೇಡ! ಅಲ್ಲೇ ಇಡು, ಆ ಕಲ್ಲಿನ ಮೇಲೆ... ಇದು ಮೊಟ್ಟೆ ಕೇಂದ್ರ ಕಣಕ್ಕ. ರೇಷ್ಮೆ ಮೊಟ್ಟೆ ಇಟ್ಟಿರೋ ಜಾಗಕ್ಕೆ ರೋಗದ ಹುಳ ತಂದ್ರೆ ಗತಿ ಏನು? ಹೂಂ, ಹಂಗೆ. ತಟ್ಟೆ ಮೇಲೆ ಪೇಪರ್ ಮುಚ್ಚು. ನೋಡ್ದೆ, ಸಾಕು. ಮೂರನೇ ಸಲ ಪೊರೆ ಬಿಡೋ ಜ್ವರಾನೇ ದಾಟಿಲ್ಲ, ಒಂದು ದಪ್ಪ, ಒಂದು ಸಣ್ಣ, ಮೈಮೇಲೆ ಮೆಣಸಿನ ಪುಡಿ ಉದುರ್ಸಿದಂಗೆ ಚುಕ್ಕೆ. ಗಂಟು ರೋಗ. ಇನ್ನೇನ್ ನೋಡೋದೈತೆ ಅದ್ರಲ್ಲಿ? ಸೊಪ್ಪು ಹಾಕೋದ್ ನಿಲ್ಸಿ, ಎಲ್ಲಾ ಸುಟ್ಬುಡಿ ಅಂತ ಭಾವಂಗೆ ಫೋನಲ್ಲೇ ಹೇಳಿದ್ನಲ್ಲ!

ಏನು? ಸುಟ್ಟಾಯ್ತಾ? ತಲೆ ಆಡಿಸ್ತೀಯ... ಸುಟ್ಟಾಯ್ತು. ಮತ್ತೆ ಇದೊಂದ್ ತಟ್ಟೆ ಉಳಿಸ್ಕೊಂಡು ಬಸ್ಸಲ್ಲಿ ಕುಣಿಗಲ್‌ವರೆಗೂ ತಂದ್ಯಾ? ನಂಗ್ ತೋರ್ಸಕ್ಕಾ? ಒಳ್ಳೆ ಅಕ್ಕ ನೀನು. ಒಡಹುಟ್ಟಿದ ತಮ್ಮನ್ನ ನೋಡಕ್ಕೆ ಬರೋರು ಹೂವು ಹಣ್ಣು ತರ್ತಾರೆ.

ಆಯ್ತು, ತಮಾಷೆ ಮಾಡಲ್ಲ. ಕೈ ತೊಳ್ಕೊ, ಆ ಬಕೆಟಲ್ಲಿ ಬ್ಲೀಚಿಂಗ್ ನೀರೈತೆ. ಬಾ, ಕೂತ್ಕೊ. ಟೀ ತರಿಸ್ಲಾ? ಬೇಡ್ವಾ? ನೀರು? ಅದೂ ಬೇಡ. ಸರಿ ಬುಡು.

ನಿನ್ ಸಿಟ್ಟು ನಂಗ್ ಗೊತ್ತಾಗುತ್ತೆ ಕಣಕ್ಕ. ಆದ್ರೆ ಮೊದ್ಲು ಇದನ್ನ ನೋಡು. ಇದೇ ನಮ್ ಮೈಕ್ರೋಸ್ಕೋಪು. ನಗು, ನಗು! ನೋಡಿದೋರೆಲ್ಲ ನಗ್ತಾರೆ. ಊಟದ ಡಬ್ಬಿಯಷ್ಟೂ ಇಲ್ಲ. ಕೆಳಗೊಂದು ಬಲ್ಬು, ನಡುವೆ ಕಡ್ಲೆಕಾಯಿ ಬೀಜದಷ್ಟು ಲೆನ್ಸು, ಮೇಲೆ ಮೊಬೈಲ್ ಸಿಕ್ಕಿಸೋದು. ಮುಂಚೆ ಕಬ್ಬಿಣದ್ದಿತ್ತು, ದೊಡ್ಡದು. ಕಣ್ಣಿಟ್ರೆ ಇದ್ದದ್ ಇದ್ದಂಗೆ ಕಾಣ್ತಿತ್ತು. ಲೆನ್ಸಿಗೆ ಬೂಷ್ಟು ಹಿಡೀತು. ನಮ್ ಓನರ್ ಲಕ್ಷ್ಮೀನರಸಿಂಹಯ್ಯನವ್ರಿಗೆ ರಿಪೇರಿ ಅಂದ್ರೆ ಪ್ರಾಣ ಹೋಗುತ್ತೆ. ಹಿರೇಹಳ್ಳೀಲಿ ಯಾವ್ದೋ ಶೆಡ್ಡಲ್ಲಿ ಅಗ್ಗಕ್ಕೆ ಜೋಡಿಸ್ಕೊಡ್ತಾರೆ ಅಂತ ಇದನ್ನ ಚೀಲದಲ್ಲಿ ಹಾಕ್ಕೊಂಡ್ ಬಂದ್ರು, ಬದನೆಕಾಯಿ ತಂದಂಗೆ!

ನಮ್ ಕೆಲ್ಸ ಏನು? ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆನ ಅರೆಯೋದು. ಒಂದ್ ಹನಿ ಗಾಜಿನ ಮೇಲೆ ಹಾಕಿ, ಫೋಟೊ ತೆಗ್ದು, ತುಮಕೂರಲ್ಲಿ ಶಿರಾ ಗೇಟ್ ಹತ್ರ ತ್ರಿವೇಣಿ ಮೇಡಂ ಅಂತ ಅವ್ರೆ, ಅವ್ರ ಮೊಬೈಲಿಗೆ ಕಳ್ಸೋದು. ರೋಗದ ಬೀಜ, ನಾವು ಕಾಳು ಅಂತೀವಿ, ಅದಿಲ್ಲ ಅಂದ್ರೆ ಮೊಟ್ಟೆ ಹಂಚ್ಬೋದು. ಐತೆ ಅಂದ್ರೆ ಆ ಲಾಟೇ ಬೆಂಕಿಗೆ. ತಾಯಿ ಮೈಲಿದ್ರೆ ಮರಿ ಮೈಲೂ ಇರುತ್ತೆ, ಅದಕ್ಕೆ ಮದ್ದೂ ಇಲ್ಲ ಮಾಯಾನೂ ಇಲ್ಲ.

ಈ ಮೊಬೈಲ್ ಐತಲ್ಲ, ಇದಕ್ಕೆ ಅತಿ ಬುದ್ಧಿ ಕಣಕ್ಕ. ಬಣ್ಣನ ತನಗ್ ತೋಚಿದಂಗೆ ಬದಲಾಯಿಸ್ಕೊಳುತ್ತೆ. ಕೆಳಗಿರೋ ಬಲ್ಬೋ, ಮೂರ್ ಕಾಸಿನದು. ಎರಡೂ ಸೇರಿ ಎಲ್ಲಾ ಪಾಚಿ ಹಸಿರು ಮಾಡ್ಬುಡ್ತವೆ. ಅದಕ್ಕೇ ದಿನಾ ಬೆಳಗ್ಗೆ ಮೊದ್ಲು ಖಾಲಿ ಗಾಜಿಟ್ಟು ಒಂದು ಫೋಟೊ ತೆಗೀಬೇಕು. ಬಿಳಿ ತೋರ್ಸೋದು ಅಂತೀವಿ. "ನೋಡಪ್ಪಾ, ಬಿಳಿ ಅಂದ್ರೆ ಇದು" ಅಂತ ಹೇಳ್ಕೊಟ್ಟಂಗೆ. ಹೇಳ್ಕೊಟ್ರೆ ಆಮೇಲಿನ ಫೋಟೊಲೆಲ್ಲ ಬಣ್ಣ ಸರಿಯಾಗ್ ಬರುತ್ತೆ. ಇಲ್ಲಾಂದ್ರೆ ಕೊಬ್ಬಿನ ಹನೀನೂ ಹಸಿರು, ಕಾಳೂ ಹಸಿರು. ಯಾವ್ದು ಯಾವ್ದು ಅಂತ ಆ ಬ್ರಹ್ಮಂಗೂ ಗೊತ್ತಾಗಲ್ಲ.

ನಿಮ್ಮೂರಿಗ್ ಕೊಟ್ಟ ಲಾಟ್ ನೋಡಿದ್ ದಿನ ಬಿಳಿ ತೋರಿಸ್ಲಿಲ್ಲ. ಮರೆತೆ. ಅಷ್ಟೇ ಅಕ್ಕ ನನ್ ತಪ್ಪು, ಅಷ್ಟೇ! ಹಸಿರು ಫೋಟೊ ಹೋಯ್ತು, ಮೇಡಂಗೆ ಏನೂ ಕಾಣ್ಲಿಲ್ಲ, ಕಾಳಿಲ್ಲ ಅಂದ್ರು, ನಾವ್ ಹಂಚಿದ್ವಿ. ಯಾರನ್ನ ಬೈತೀಯ ಹೇಳು? ಚಿಟ್ಟೆ ಅರೆಯೋನೂ ನಾನೇ, ಫೋಟೊ ತೆಗಿಯೋನೂ ನಾನೇ, ಕಸ ಗುಡ್ಸೋನೂ ನಾನೇ. ಈ ಚಿಟ್ಟೆ ಹೊರಬಂದ ಬಿತ್ತನೆ ಗೂಡು ಕೊಟ್ಟನಲ್ಲ ಗುಬ್ಬಿ ಊರಿನ ರೈತ, ಅವ್ನನ್ನ ಯಾರಾದ್ರೂ ಕೇಳಿದ್ರಾ? ರೋಗ ಬಂದಿದ್ದು ಅವ್ನ ಮನೆಯಿಂದ. ಅವ್ನು ಆರಾಮಾಗ್ ಅವ್ನೆ. ಬೈಸ್ಕೊಳ್ಳೋಕೆ ಈ ಗಂಗರಾಜು ಒಬ್ಬ ಸಿಕ್ದ ಎಲ್ರಿಗೂ!

ಭಾವ ಏನಂತಾರೆ? ಏನೂ ಅನ್ನಲ್ವಾ? ಊರೋರು?... ಯಾಕ್ ತಲೆ ಬಗ್ಗಿಸ್ಕೊಂಡೆ? ಮನೆ ಬಾಗ್ಲಿಗೆ ಬಂದಿದ್ರಾ? ಬೈದ್ರಾ? "ನೇತ್ರಮ್ಮ ತಗೊಂಡ್ಲು, ಅವಳನ್ ನಂಬಿ ನಾವೂ ತಗೊಂಡ್ವಿ" ಅಂತಾರಾ? ಸಿದ್ದಗಂಗಯ್ಯನೂ ಅಂದ್ನಾ? ನಿಮ್ ಪಕ್ಕದ್ ಮನೆಯವ್ನು, ನಿನ್ ಕೈಲಿ ಉಂಡೋನು... ಎಷ್ಟ್ ಮನೆ? ಬೆರಳು ತೋರಿಸ್ಬೇಡ ಅಕ್ಕ, ಬಾಯ್ಬಿಟ್ ಹೇಳು. ಒಂಬತ್ತಾ? ಒಂಬತ್ ಮನೇದೂ ಹೋಯ್ತಾ?

ನಿನ್ನ ಯಾಕ್ ಬೈಬೇಕು ಅವ್ರು? ನೀನೇನ್ ಮಾಡ್ದೆ? ನನ್ನ ಬೈಲಿ. ಇಲ್ಲಿಗ್ ಬರಕ್ಕೇಳು... ಬೇಡ, ಇಲ್ಲಿಗ್ ಬೇಡ, ಓನರ್ ಇರ್ತಾರೆ. ನಾನೇ ಒಂದಿನ ಬರ್ತೀನಿ. ಬಂದ್ ಹೇಳ್ತೀನಿ. ಮರೆವಿಗೆ ಯಾರ್ ಏನ್ ಮಾಡಕ್ಕಾಗುತ್ತೆ? ಅದೂ ಆ ಕಾಳು ಎಷ್ಟ್ ಸಣ್ಣದು ಗೊತ್ತಾ ನಿಂಗೆ? ಎಳ್ಳಿನ ಆಕಾರ. ಸುತ್ತ ಹಳದಿ ಹಳದಿ ಕೊಬ್ಬಿನ ಹನಿ, ನಡುವೆ ನೀಲಿಯಾಗಿ ಮಿಣುಕ್ ಮಿಣುಕ್ ಅಂತ... ಎರಡೇ ಎರಡು ಅಕ್ಕ! ಇಡೀ ಗಾಜಲ್ಲಿ ಎರಡು! ಅಷ್ಟಕ್ಕೆ ಇಡೀ ಲಾಟ್ ಸುಡು ಅಂದ್ರೆ ಯಾರಿಗ್ ತಾನೆ ಮನಸ್ ಬರುತ್ತೆ...

ಏನು?

ಯಾಕ್ ಹಂಗ್ ನೋಡ್ತೀಯ? ನಾನ್ ಏನಂದೆ? ನೀಲಿ ಅಂದ್ನಾ? ಅದು... ಪುಸ್ತಕದಲ್ಲಿ ಹಂಗೇ ಬರ್ದಿರ್ತಾರೆ. ನೀಲಿ ಹೊಳಪು ಅಂತ. ಟ್ರೈನಿಂಗಲ್ಲೂ ಹೇಳ್ಕೊಟ್ಟಿದ್ರು. ಸುಮ್ನೆ ಬಾಯಿಗ್ ಬಂತು... ಎರಡು ಅಂತ... ಹೌದು. ಎರಡು ಅಂತ ಪುಸ್ತಕದಲ್ಲಿ ಬರ್ದಿರಲ್ಲ.

ಆ ಕಡೆ ನೋಡು ಅಕ್ಕ. ನನ್ ಮುಖ ನೋಡ್ಬೇಡ.

ತೋರ್ಸಿದ್ದೆ. ಬಿಳಿ ತೋರ್ಸಿದ್ದೆ ಕಣಕ್ಕ. ಹದಿನಾರು ವರ್ಷದಿಂದ ಚಿಟ್ಟೆ ಅರೀತಿರೋನು, ಅದನ್ ಮರೀತೀನಾ? ಮೊದಲ್ನೇ ಫೋಟೊ ಕನ್ನಡಿ ಥರ ಬಂತು, ಎರಡು ಕಾಳೂ ಕಂಡ್ವು. ಹಾಳಾದ್ ಶೆಡ್ಡಿನ ಡಬ್ಬಿ, ಅವತ್ತೊಂದಿನ ನಿಯತ್ತಾಗ್ ಕೆಲ್ಸ ಮಾಡ್ತು. ಅಳಿಸ್ದೆ. ಬಿಳೀದೂ ಅಳಿಸ್ದೆ. ಆಮೇಲೆ ಬಿಳಿ ತೋರಿಸ್ದಲೇ ಇನ್ನೊಂದ್ ತೆಗ್ದೆ. ಬಂತು, ಪಾಚಿ ಹಸಿರು. ಅದನ್ನ ಕಳಿಸ್ದೆ. ಮೇಡಂದು ಏನೂ ತಪ್ಪಿಲ್ಲ. ಮೈಕ್ರೋಸ್ಕೋಪಿಂದೂ ಇಲ್ಲ.

ಹಿಂದಿನ ಲಾಟ್ ಸುಟ್ಟಿದ್ವಿ. ಇನ್ನೊಂದ್ ಸುಟ್ರೆ ಬಾಗ್ಲು ಹಾಕ್ತೀನಿ ಅಂದಿದ್ರು ಓನರ್. ಹನ್ನೊಂದ್ ಜನ ಇದೀವಿ ಇಲ್ಲಿ. ನಂಗ್ ನಲವತ್ತೊಂದು, ಇದ್ ಬಿಟ್ರೆ ಏನ್ ಬರುತ್ತೆ? ಎರಡೇ ಕಾಳಲ್ವಾ, ಯಾರ್ದೋ ಒಂದ್ ತಟ್ಟೆ ಕೆಡುತ್ತೆ, ಮಿಕ್ಕವ್ರು ಬಚಾವ್ ಅನ್ಕೊಂಡೆ. ಅನ್ಕೊಂಡೆ ಅಷ್ಟೇ. ಹಂಗಾಗಲ್ಲ ಅಂತಾನೂ ಗೊತ್ತಿತ್ತು.

ಬೈ ಅಕ್ಕ. ಚಿಕ್ಕೋನಿದ್ದಾಗ ಸೌಟಲ್ಲಿ ಬಾರಿಸ್ತಿದ್ಯಲ್ಲ, ಬಾರಿಸು! ಏನಾದ್ರೂ ಅನ್ನು! ಎಲ್ಲಾ ಹೇಳಿದ್ನಲ್ಲ, ಇನ್ನೇನ್ ಬೇಕು ನಿಂಗೆ?

ನಿಂಗ್ ಯಾಕ್ ಕೊಟ್ಟೆ ಅಂತಾನಾ? ಕೊಡ್ದೆ ಏನ್ಮಾಡ್ಲಿ? ನೀನ್ ಬಂದ್ ನಿಂತಿದ್ದೆ, ಸಾಲಲ್ಲಿ ಎಲ್ರೂ ಇದ್ರು, ನಿಂಗೊಬ್ಳಿಗೆ ಬೇಡ ಅಂದ್ರೆ ಅವ್ರಿಗೆ ಗೊತ್ತಾಗ್ಬಿಡಲ್ವಾ? ನೀನಾಗೇ ಬಂದೆ...

ಇಲ್ಲ. ಸರಿ. ಇಲ್ಲ.

ನೀನು ಮುಂದಿನ್ ವಾರ ಬರ್ತೀನಿ ಅಂದಿದ್ದೆ. ಹುಳದ ಮನೆಗೆ ಸುಣ್ಣ ಹೊಡೆದಿಲ್ಲ ಅಂದಿದ್ದೆ. ಸುಣ್ಣ ಆಮೇಲೆ ಹೊಡ್ಕೊ, ಈ ಲಾಟ್ ಚೆನ್ನಾಗೈತೆ, ಈಗ್ಲೇ ಬಸ್ ಹತ್ತು ಅಂತ ಫೋನ್ ಮಾಡಿದ್ದು ನಾನೇ.

ನಿಮ್ಮೂರೋರು ಬೆಳಗ್ಗೆಯಿಂದ ಅಂಗಳದಲ್ಲಿ ನಿಂತಿದ್ರು ಅಕ್ಕ. ಹಿಂದಿನ ಲಾಟ್ ಸುಟ್ಟಿದ್ದು ಊರಿಗೆಲ್ಲ ಗೊತ್ತಿತ್ತಲ್ಲ, ಒಬ್ರೂ ಮೊಟ್ಟೆ ಹಾಳೆ ಮುಟ್ತಿರ್ಲಿಲ್ಲ. ಸಿದ್ದಗಂಗಯ್ಯ ಕೇಳೇಬಿಟ್ಟ, "ಗಂಗರಾಜು, ನಿಮ್ಮಕ್ಕನ ಮನೆಗೂ ಇದ್ನೇ ಕೊಡ್ತೀಯೇನಪ್ಪಾ?" ಅಂತ. ಓನರ್ ನನ್ ಮುಖ ನೋಡಿದ್ರು. ನಾನು ಗೋಡೆ ಹಿಂದಕ್ಕೋಗಿ ನಿಂಗ್ ಫೋನ್ ಮಾಡ್ದೆ.

ನೀನ್ ಬಂದೆ. ನಾನೇ ನಿನ್ನ ಎಲ್ರಿಗಿಂತ ಮುಂದೆ ನಿಲ್ಲಿಸ್ದೆ. ತಮ್ಮ ನನ್ನ ಮೊದ್ಲು ಕರ್ದ ಅಂತ ನಿಂಗೆ ಖುಷಿ. ಹಾಳೆ ಕೈಗ್ ಕೊಟ್ಟೆ, ನೀನು ಅದನ್ನ ಕಣ್ಣಿಗೊತ್ಕೊಂಡೆ. ಅದನ್ ನೋಡಿ ಒಂಬತ್ ಮನೆಯವ್ರೂ ಕೈ ಚಾಚಿದ್ರು ಅಕ್ಕ... ನಂಗೂ ಬೇಕಿದ್ದಿದ್ದು ಅದೇ.